ನಿಲ್ಲೋಕೆ ಬಿಡದೆ ಹಿಡಿಯುವ ಬೇಟೆ

ಹಗ್ಗ ಕಿತ್ತುಕೊಂಡ ಕರು ಹಿಡಿಯೋಕೆ ಹೋದವರಿಗೆ ಗೊತ್ತು, ಓಟದಲ್ಲಿ ಮನುಷ್ಯ ಎಷ್ಟು ದುರ್ಬಲ ಅಂತ. ಆದರೆ ಅದು ಮೊದಲ ಒಂದು ಫರ್ಲಾಂಗಿನ ಮಾತು. ಉರಿಬಿಸಿಲಲ್ಲಿ ನಾಲ್ಕು ಗಂಟೆ ಓಡಿಸಿದರೆ ಲೆಕ್ಕ ತಿರುಗುತ್ತೆ.

ಆಫ್ರಿಕಾದ ಬೋಟ್ಸ್ವಾನಾದಲ್ಲಿ, ಕಲಹಾರಿ ಮರುಭೂಮಿಯ ಸಾನ್ ಬೇಟೆಗಾರರು ಮಾಡುತ್ತಿದ್ದದ್ದು ಇದನ್ನೇ. ಲೂಯಿಸ್ ಲೀಬೆನ್‌ಬರ್ಗ್ ಎಂಬುವವರು ಅವರ ಜೊತೆ ತಾವೂ ಓಡಿ, 2006ರಲ್ಲಿ ವಿವರವಾಗಿ ಬರೆದರು. ಬೇಟೆಗೆ ಆರಿಸುತ್ತಿದ್ದದ್ದು 40 ಡಿಗ್ರಿ ಆಸುಪಾಸಿನ ನಡುಮಧ್ಯಾಹ್ನ. ಮೊದಲು ಹೊಟ್ಟೆ ತುಂಬ ನೀರು ಕುಡಿಯೋದು. ಆಮೇಲೆ ಕುಡು ಎಂಬ ದೊಡ್ಡ ಹುಲ್ಲೆಯ ಬೆನ್ನು ಹತ್ತೋದು. ಅದು ಕ್ಷಣದಲ್ಲಿ ಕಣ್ಮರೆ. ಎಲ್ಲೋ ನೆರಳಲ್ಲಿ ನಿಂತು ತೇಕುತ್ತಾ ಮೈ ತಂಪು ಮಾಡ್ಕೊಳ್ತಿರುತ್ತೆ, ಅಷ್ಟರಲ್ಲಿ ಇವರು ಹೆಜ್ಜೆಜಾಡು ಹಿಡಿದು ಬಂದೇಬಿಡ್ತಾರೆ. ಮತ್ತೆ ಓಟ, ಮತ್ತೆ ನೆರಳು, ಮತ್ತೆ ಇವರು. ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಮೈ ಕಾದು ನಿಂತುಬಿಡುತ್ತೆ. ಈಟಿ ಹಿಡಿದು ಹತ್ತಿರ ಹೋದರೂ ಕದಲಲ್ಲ.

ಗುಟ್ಟು ಬೆವರಲ್ಲಿದೆ. ನಾಲ್ಕು ಕಾಲಿನ ಪ್ರಾಣಿ ನಾಗಾಲೋಟದಲ್ಲಿದ್ದಾಗ ಒಂದು ನೆಗೆತಕ್ಕೆ ಒಂದೇ ಉಸಿರು. ಓಡುತ್ತಾ ತೇಕೋಕೆ ಆಗಲ್ಲ. ನಮ್ಮ ಉಸಿರು ಕಾಲಿಗೆ ಕಟ್ಟಿಬಿದ್ದಿಲ್ಲ, ಕೂದಲಿಲ್ಲದ ಮೈಯೆಲ್ಲ ಬೆವರುತ್ತೆ. (ಮಧ್ಯಾಹ್ನ ಎತ್ತನ್ನು ನೆರಳಿಗೆ ಕಟ್ಟಿ ನಾವು ಮಾತ್ರ ಕಳೆ ಕೀಳ್ತಿರೋದು ಸುಮ್ಮನೆ ಅಲ್ಲ!)

ಇದು ಕಲಹಾರಿಯ ಒಂದು ಅಪರೂಪ, ಇದರಿಂದ ಮನುಷ್ಯಕುಲದ ಚರಿತ್ರೆ ಕಟ್ಟಬೇಡಿ ಅಂತ ಕೆಲವು ಪಂಡಿತರು ತಕರಾರು ಎತ್ತಿದ್ದರು. 2024ರಲ್ಲಿ ಮೊರಿನ್ ಮತ್ತು ವಿಂಟರ್‌ಹಾಲ್ಡರ್ ಎಂಬಿಬ್ಬರು ಹಳೆಯ ಬರಹಗಳನ್ನು ಜಾಲಾಡಿ, 16ನೇ ಶತಮಾನದಿಂದೀಚಿನ ಇಂಥ ಬೇಟೆಯ ಸುಮಾರು 400 ವರ್ಣನೆಗಳನ್ನು ಪ್ರಪಂಚದ ಹಲವು ಕಡೆಗಳಿಂದ ಒಟ್ಟುಮಾಡಿದರು. 'ಅಪರೂಪ' ಅನ್ನೋ ಮಾತು ಅಲ್ಲಿಗೆ ಬಿತ್ತು ಅಂತ ನನಗನಿಸುತ್ತೆ. ಲಕ್ಷಾಂತರ ವರ್ಷದ ಹಿಂದಿನವರೂ ಹೀಗೇ ಓಡಿದರಾ ಅನ್ನೋದು ಬೇರೆ ಪ್ರಶ್ನೆ. ಓಟ ಪಳೆಯುಳಿಕೆಯಾಗಿ ಸಿಗಲ್ಲ.

ಕಲಹಾರಿಗೆ ಬೇಟೆನಾಯಿ, ಕುದುರೆ ಬಂದ ಮೇಲೆ ಓಡುವವರು ಕಮ್ಮಿಯಾದರು. ಓಟ ಹೋದರೆ ಹೋಗಲಿ, ಜೊತೆಗೆ ಹೋಗ್ತಿರೋದು ಜಾಡು ಓದುವ ವಿದ್ಯೆ. ಹಿಂಡಿನ ನೂರು ಗೊರಸಿನ ಗುರುತಲ್ಲಿ ದಣಿದ ಒಂದನ್ನೇ ಬಿಡದೆ ಹಿಡಿಯೋದು ಕಾಲಿನ ಕೆಲಸ ಅಲ್ವಲ್ಲ. ಅದಕ್ಕೇ ಲೀಬೆನ್‌ಬರ್ಗ್, ಅಕ್ಷರ ಬಾರದ ಜಾಡುಗಾರರು ಚಿತ್ರ ಒತ್ತಿ ತಾವು ಕಂಡದ್ದನ್ನು ದಾಖಲಿಸೋ ಸೈಬರ್‌ಟ್ರ್ಯಾಕರ್ ಅನ್ನೋ ತಂತ್ರಾಂಶ ಮಾಡಿಸಿದರು. ಈಗ ಅದನ್ನು ಎಷ್ಟೋ ದೇಶಗಳಲ್ಲಿ ವನ್ಯಜೀವಿ ಲೆಕ್ಕಕ್ಕೆ ಬಳಸ್ತಾರೆ.