ಸತ್ತವರ ಪಟ್ಟಿ ಹಿಡಿದು ನಿಂತ ಸಂಘ

ಮಾಜಿ ಸೈನಿಕರ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದಾಗ, ದೂರದ ಇನ್ನೊಂದು ಮಾಜಿ ಸೈನಿಕರ ಸಂಘದ ಚರಿತ್ರೆ ಹೇಳೋಣ ಅನ್ನಿಸಿತು. ಪಿಂಚಣಿ, ಕ್ಯಾಂಟೀನು, ನಿವೇಶನ ಇವು ನಮ್ಮ ಸಂಘಗಳ ನಿತ್ಯದ ಚಿಂತೆ. 1919ರ ಫೆಬ್ರವರಿಯಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಆ ಸಂಘಕ್ಕಿದ್ದ ಚಿಂತೆ ಬೇರೆ: ನಾವೂ ಯುದ್ಧಕ್ಕೆ ಹೋಗಿದ್ದೆವು ಎಂದು ಸ್ವಂತ ದೇಶದವರನ್ನು ನಂಬಿಸುವುದು. ಯಹೂದಿ ಮುಂಚೂಣಿ ಯೋಧರ ರಾಷ್ಟ್ರೀಯ ಒಕ್ಕೂಟ ಎಂದು ಅದರ ಹೆಸರು. ಕಟ್ಟಿದವರು ಕ್ಯಾಪ್ಟನ್ ಲಿಯೋ ಲೊವೆನ್‌ಸ್ಟೈನ್. ಸದ್ದನ್ನು ಅಳೆದು ಶತ್ರುವಿನ ಫಿರಂಗಿ ಎಲ್ಲಿದೆಯೆಂದು ಪತ್ತೆಹಚ್ಚುವ ವಿಧಾನ ರೂಪಿಸಿದ ವಿಜ್ಞಾನಿ ಅವರು.

1885ರಿಂದ ಮೊದಲ ಮಹಾಯುದ್ಧದವರೆಗೆ ಜರ್ಮನಿಯ ಪ್ರಷ್ಯ ರಾಜ್ಯದ ಸೇನೆ ಒಬ್ಬ ಯಹೂದಿಯನ್ನೂ ಮೀಸಲು ಪಡೆಯ ಅಧಿಕಾರಿಯಾಗಿ ಮಾಡಿರಲಿಲ್ಲ. ತಡೆಯುವ ಕಾನೂನೇನೂ ಇರಲಿಲ್ಲ. ರೆಜಿಮೆಂಟಿನ ಅಧಿಕಾರಿಗಳು ಆರಿಸುತ್ತಿರಲಿಲ್ಲ, ಅಷ್ಟೆ. 1914ರ ಆಗಸ್ಟ್‌ನಲ್ಲಿ ಕೈಸರ್, ತನಗಿನ್ನು ಪಕ್ಷಭೇದವಿಲ್ಲ, ಎಲ್ಲರೂ ಜರ್ಮನ್ನರೇ ಎಂದು ಸಾರಿದಾಗ ಯಹೂದಿ ಯುವಕರು ಆ ಮಾತನ್ನು ನಂಬಿದರು. ಸಂಸತ್ ಸದಸ್ಯ ಲುಡ್ವಿಗ್ ಫ್ರಾಂಕ್ ನಲವತ್ತರ ವಯಸ್ಸಿನಲ್ಲಿ ಸ್ವಇಚ್ಛೆಯಿಂದ ಸೇನೆ ಸೇರಿ, ಸೆಪ್ಟೆಂಬರ್ ಮೊದಲ ವಾರದಲ್ಲೇ ಫ್ರಾನ್ಸ್‌ನಲ್ಲಿ ಗುಂಡಿಗೆ ಬಲಿಯಾದರು. ಯುದ್ಧ ಮುಗಿಯುವ ಹೊತ್ತಿಗೆ, ಐದೂವರೆ ಲಕ್ಷದಷ್ಟಿದ್ದ ಸಮುದಾಯದಿಂದ ಸುಮಾರು 1 ಲಕ್ಷ ಮಂದಿ ಸಮವಸ್ತ್ರ ತೊಟ್ಟಿದ್ದರು. ಸುಮಾರು 12,000 ಮಂದಿ ಸತ್ತಿದ್ದರು.

ನಡುವೆ ಬಂತು 1916ರ ಅಕ್ಟೋಬರ್ 11ರ ಆದೇಶ. ವೆರ್ದ್ಯೂನ್ ಮತ್ತು ಸೋಮ್ ಕದನಗಳಲ್ಲಿ ಲಕ್ಷಗಟ್ಟಲೆ ಜನ ಸತ್ತು, ಊರಲ್ಲಿ ಊಟಕ್ಕೆ ತತ್ವಾರವಾಗಿದ್ದ ವರ್ಷವದು. ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. ಯಹೂದಿಗಳು ಮುಂಚೂಣಿ ತಪ್ಪಿಸಿಕೊಂಡು ಹಿಂದಿನ ಕಚೇರಿಗಳಲ್ಲಿ ಕೂತಿದ್ದಾರೆಂಬ ದೂರುಗಳು ಬರುತ್ತಿವೆ, ಪರಿಶೀಲಿಸಿ ಸಾಧ್ಯವಾದರೆ ಅಲ್ಲಗಳೆಯಬೇಕಾಗಿದೆ ಎಂಬ ನೆಪದಲ್ಲಿ ಪ್ರಷ್ಯದ ಯುದ್ಧಮಂತ್ರಿ ವಿಲ್ಡ್ ಫಾನ್ ಹೊಹೆನ್‌ಬೊರ್ನ್ ಎಲ್ಲ ಘಟಕಗಳಿಗೂ ನಮೂನೆ ಕಳುಹಿಸಿದರು. ನವೆಂಬರ್ 1ರಂದು ಯಹೂದಿಗಳನ್ನು ಮಾತ್ರ ಎಣಿಸಬೇಕು: ಮುಂಚೂಣಿಯಲ್ಲಿ ಎಷ್ಟು, ಹಿಂದೆ ಎಷ್ಟು, ಸತ್ತವರು ಎಷ್ಟು. ಅಕ್ಕಪಕ್ಕದಲ್ಲೇ ಕಂದಕದಲ್ಲಿ ಮಲಗಿದ್ದ ಇಬ್ಬರಲ್ಲಿ ಒಬ್ಬನ ಹೆಸರನ್ನಷ್ಟೇ ಬರೆದುಕೊಂಡು ಹೋದರೆ, ಇನ್ನೊಬ್ಬ ಅವನನ್ನು ಮರುದಿನ ಹೇಗೆ ನೋಡಿಯಾನು? ಸ್ವತಃ ಸೈನಿಕನಾಗಿದ್ದ ಲೇಖಕ ಆರ್ನಾಲ್ಡ್ ತ್ಸ್ವೈಗ್, ವೆರ್ದ್ಯೂನ್‌ನಲ್ಲಿ ಸತ್ತ ಯಹೂದಿಗಳನ್ನು ಗೋರಿಯಿಂದ ಎಬ್ಬಿಸಿ ಎಣಿಕೆಗೆ ನಿಲ್ಲಿಸುವ ಕಥೆಯನ್ನೇ ಬರೆದರು.

ಎಣಿಕೆಯ ಫಲಿತಾಂಶವನ್ನು ಯುದ್ಧ ಮುಗಿಯುವವರೆಗೂ ಸರ್ಕಾರ ಪ್ರಕಟಿಸಲಿಲ್ಲ. ದೊಡ್ಡ ದ್ರೋಹ ಎಣಿಸಿದ್ದಕ್ಕಿಂತ ಹೀಗೆ ಬಾಯಿ ಮುಚ್ಚಿಕೊಂಡಿದ್ದೇ ಎಂದು ನನಗನಿಸುತ್ತದೆ. ಪ್ರಕಟಿಸದ ಅಂಕಿಯನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ಊಹಿಸಿಕೊಳ್ಳಬಹುದು. 1919ರಲ್ಲಿ ಯಹೂದಿದ್ವೇಷಿ ಗುಂಪಿನ ನಾಯಕನೊಬ್ಬ, ಸುಳ್ಳು ಹೆಸರಿನಲ್ಲಿ, ತಿರುಚಿದ ಅಂಕಿಗಳ ಪುಸ್ತಿಕೆಯನ್ನೇ ಹೊರಡಿಸಿದ. ಅಂಕಿ ತಪ್ಪೆಂದು ಸಮಾಜಶಾಸ್ತ್ರಜ್ಞ ಫ್ರಾಂಟ್ಸ್ ಒಪ್ಪೆನ್‌ಹೈಮರ್ 1922ರಲ್ಲಿ ತೋರಿಸಿಕೊಟ್ಟರು. ಅಷ್ಟರಲ್ಲಿ ಸುಳ್ಳು ಊರೆಲ್ಲ ಸುತ್ತಿತ್ತು.

ಒಕ್ಕೂಟದ ಬಹುಪಾಲು ದುಡಿಮೆ ಈ ಸುಳ್ಳಿನ ಬೆನ್ನು ಹತ್ತುವುದರಲ್ಲೇ ಕಳೆಯಿತು. ಸಭೆಗಳು, ಕರಪತ್ರಗಳು, ‘ಗುರಾಣಿ’ ಎಂಬರ್ಥದ ಹೆಸರಿನ ಪತ್ರಿಕೆ. 1924ರಲ್ಲಿ ಉಕ್ಕಿನ ಶಿರಸ್ತ್ರಾಣದ ಹೆಸರಿಟ್ಟುಕೊಂಡಿದ್ದ ದೊಡ್ಡ ಮಾಜಿ ಸೈನಿಕರ ಸಂಘ ಯಹೂದಿಗಳಿಗೆ ಬಾಗಿಲು ಮುಚ್ಚಿತು. ಕಂದಕದ ಗೆಳೆತನವೂ ಅಲ್ಲಿಗೆ ಮುಗಿಯಿತು. 1932ರಲ್ಲಿ ಒಕ್ಕೂಟ ಮೃತ ಯಹೂದಿ ಯೋಧರ ದಪ್ಪ ಪುಸ್ತಕ ತಂದಿತು. ಹತ್ತು ಸಾವಿರಕ್ಕೂ ಮಿಕ್ಕಿ ಹೆಸರು, ಊರು, ರೆಜಿಮೆಂಟು, ಸತ್ತ ದಿನ. ಅಧ್ಯಕ್ಷ ಹಿಂಡನ್‌ಬರ್ಗ್‌ಗೂ ಒಂದು ಪ್ರತಿ ತಲುಪಿತು.

1933ರಲ್ಲಿ ನಾತ್ಸಿಗಳು ಅಧಿಕಾರಕ್ಕೆ ಬಂದ ಮೇಲೆ ಈ ದುಡಿಮೆಗೊಂದು ವಿಚಿತ್ರ ಫಲ ಸಿಕ್ಕಿತು. ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ಕಿತ್ತೊಗೆಯುವ ಏಪ್ರಿಲ್ ಕಾಯ್ದೆಯಲ್ಲಿ, ಹಿಂಡನ್‌ಬರ್ಗ್ ಒತ್ತಾಯಕ್ಕೆ ಮಣಿದು, ಮುಂಚೂಣಿ ಯೋಧರಿಗೂ ಮಕ್ಕಳನ್ನೋ ತಂದೆಯನ್ನೋ ಯುದ್ಧದಲ್ಲಿ ಕಳೆದುಕೊಂಡವರಿಗೂ ವಿನಾಯಿತಿ ಕೊಟ್ಟರು. 1914ಕ್ಕೂ ಮೊದಲೇ ಕೆಲಸದಲ್ಲಿದ್ದವರಿಗೂ ಅದು ಸಿಕ್ಕಿತು. ವಕೀಲರಿಗೂ ಅಂಥದೇ ಕಾನೂನು. ಬೆರಳೆಣಿಕೆಯಷ್ಟು ಮಂದಿ ಉಳಿದಾರು ಎಂದುಕೊಂಡಿದ್ದ ನಾತ್ಸಿಗಳಿಗೆ, ಸುಮಾರು 4,500 ಯಹೂದಿ ವಕೀಲರಲ್ಲಿ 3,000ಕ್ಕೂ ಹೆಚ್ಚು ಜನ ಉಳಿದುಕೊಂಡದ್ದು ಕಂಡಿತು. 1916ರಲ್ಲಿ ಮುಚ್ಚಿಟ್ಟ ಲೆಕ್ಕ ಹೀಗೆ ಶತ್ರುಗಳ ಕಾಯ್ದೆಯಿಂದಲೇ ಅಷ್ಟಿಷ್ಟು ಬಯಲಾಯಿತು. 1935ರಲ್ಲಿ ಸರ್ಕಾರಿ ನೌಕರರಿಗಿದ್ದ ಆ ವಿನಾಯಿತಿಯನ್ನೂ ಕಿತ್ತುಕೊಂಡರು.

ಒಕ್ಕೂಟವನ್ನು ನಾನು ಪೂರ್ತಿ ಮೆಚ್ಚಲಾರೆ. ಪೂರ್ವ ಯುರೋಪಿನಿಂದ ಬಂದ ಬಡ ಯಹೂದಿಗಳಿಂದ ಅದರ ಹಲವರು ದೂರ ಸರಿದು ನಿಂತರು. 1933ರ ಏಪ್ರಿಲ್‌ನಲ್ಲಿ ಲೊವೆನ್‌ಸ್ಟೈನ್ ಹಿಟ್ಲರನಿಗೇ ಪತ್ರ ಬರೆದು ಯೋಧರ ಸೇವೆಯನ್ನು ನೆನಪಿಸಿದರು. ಆ ಹಿಟ್ಲರನಿಗೆ 1918ರಲ್ಲಿ ಮೊದಲ ದರ್ಜೆಯ ಐರನ್ ಕ್ರಾಸ್ ಕೊಡಿಸಲು ಶಿಫಾರಸು ಮಾಡಿದ್ದ ಹ್ಯೂಗೋ ಗುಟ್‌ಮನ್ ಎಂಬ ಲೆಫ್ಟಿನೆಂಟ್ ಕೂಡ ಯಹೂದಿಯೇ.

ನಮ್ಮ ಓದುಗರಿಗೆ ಪರಿಚಿತ ಯಹೂದಿ ಸೈನಿಕನೆಂದರೆ 1971ರ ಢಾಕಾ ಶರಣಾಗತಿಯ ಲೆಫ್ಟಿನೆಂಟ್ ಜನರಲ್ ಜೆ.ಎಫ್.ಆರ್. ಜೇಕಬ್. ಯಹೂದಿಯೆಂಬ ತಾರತಮ್ಯ ತನಗೆ ಎದುರಾದದ್ದು ಬ್ರಿಟಿಷರಿಂದ, ಭಾರತೀಯರಿಂದ ಎಂದೂ ಅಲ್ಲ ಎಂದು ಅವರು ಹೇಳಿಕೊಂಡಿದ್ದರು. ಜರ್ಮನಿಯ ಯೋಧರಿಗೆ ಆ ಅದೃಷ್ಟವಿರಲಿಲ್ಲ.

1938ರಲ್ಲಿ ಒಕ್ಕೂಟವನ್ನು ಮುಚ್ಚಿಸಿದರು. ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಯೋಜಿಸಿದ 1942ರ ವಾನ್‌ಸೇ ಸಭೆಯಲ್ಲಿ, ಅರುವತ್ತೈದು ದಾಟಿದವರ ಜೊತೆಗೆ ತೀವ್ರ ಗಾಯಾಳು ಯೋಧರನ್ನೂ ಮೊದಲ ದರ್ಜೆಯ ಐರನ್ ಕ್ರಾಸ್ ಪಡೆದವರನ್ನೂ ಥೆರೆಸಿಯೆನ್‌ಸ್ಟಾಟ್ ಬಂಧನ ಶಿಬಿರಕ್ಕೆ ಕಳುಹಿಸುವುದೆಂದು ಗೊತ್ತುಮಾಡಿದರು. ಹಳೆಯ ಸೇವೆಗೆ ದೊರೆತ ಕೊನೆಯ ರಿಯಾಯಿತಿ ಅದೇ. ಅಲ್ಲಿಂದ ಬಹಳ ಜನರನ್ನು ಮುಂದೆ ಆಶ್‌ವಿಟ್ಸ್ ಹತ್ಯಾ ಶಿಬಿರಕ್ಕೆ ಸಾಗಿಸಿದರು. 1943ರಲ್ಲಿ ಥೆರೆಸಿಯೆನ್‌ಸ್ಟಾಟ್‌ಗೆ ಹೋದ ಲೊವೆನ್‌ಸ್ಟೈನ್ ಬದುಕಿ ಹೊರಬಂದು 1956ರವರೆಗೆ ಇದ್ದರು. ಎಣಿಕೆಯ ಮೂಲ ಕಾಗದಗಳು ಇಂದು ಇಲ್ಲ. ಪಾಟ್ಸ್‌ಡಾಮ್‌ನ ಸೇನಾ ದಾಖಲೆ ಭಂಡಾರ 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಒಕ್ಕೂಟದ ಪುಸ್ತಕ ಉಳಿದಿದೆ. ಆ ಯುದ್ಧದಲ್ಲಿ ಸತ್ತ ಮುತ್ತಾತನ ವಿವರ ಹುಡುಕುವ ಕುಟುಂಬಗಳು ಈಗಲೂ ಅದರ ಪುಟ ತಿರುವುತ್ತವೆ.