ಪರೀಕ್ಷೆಗೆ ಮುನ್ನವೇ ಆವಿಯಾಗುವ ತ್ಯಾಜ್ಯ: ಅಮೆರಿಕದ ಒಂದು ನಿಯಮದ ಚರಿತ್ರೆ

ಅಮೆರಿಕದ ಪರಿಸರ ಶಾಸನಗಳ ಚರಿತ್ರೆಯಲ್ಲಿ 1976ರ ಸಂಪನ್ಮೂಲ ಸಂರಕ್ಷಣಾ ಮತ್ತು ಮರುಗಳಿಕೆ ಕಾಯಿದೆಗೆ ವಿಶಿಷ್ಟ ಸ್ಥಾನವಿದೆ. ಅದಕ್ಕೂ ಹಿಂದಿನ ವಾಯು ಮತ್ತು ಜಲ ಮಾಲಿನ್ಯ ಕಾಯಿದೆಗಳು ಕಾರ್ಖಾನೆಗಳ ಹೊಗೆ ಕೊಳವೆಯನ್ನೂ ಚರಂಡಿಯನ್ನೂ ಬಿಗಿಗೊಳಿಸಿದ್ದರಿಂದ, ಅಲ್ಲಿ ತಡೆದ ಕೊಳೆಯು ನೆಲದ ಪಾಲಾಗತೊಡಗಿತ್ತು. ಈ ಸಂಗತಿಯನ್ನು ಕಾಯಿದೆಯ ಆರಂಭಭಾಗವೇ ಒಪ್ಪಿಕೊಂಡಿದೆ. ಹೀಗೆ ನೆಲವನ್ನು ಕಾಯಲೆಂದು ಹುಟ್ಟಿದ ಶಾಸನವು, ನೆಲಕ್ಕೆ ಬಂದ ತ್ಯಾಜ್ಯ ಮತ್ತೆ ಗಾಳಿಗೇ ಏರಿಹೋಗುವುದನ್ನು ಸಮಗ್ರವಾಗಿ ತಡೆಯುವ ಹೊತ್ತಿಗೆ ಇಪ್ಪತ್ತು ವರ್ಷಗಳು ಕಳೆದಿದ್ದವು. ಈ ವಿಳಂಬದ ಹಿಂದೆ ಆಡಳಿತದ ನಿಧಾನವಿತ್ತು ನಿಜ. ಆದರೆ ಅದಕ್ಕಿಂತ ಕುತೂಹಲಕರವಾದುದು ಅಳತೆಯ ತೊಡಕು.

‘ಸಾವಯವ’ ಎಂಬ ಪದ ಇಂದು ಕನ್ನಡದಲ್ಲಿ ಗೊಬ್ಬರವನ್ನೂ ಕೃಷಿಯನ್ನೂ ನೆನಪಿಗೆ ತರುತ್ತದೆ. ರಸಾಯನಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಬೆಂಜೀನ್, ಟಾಲೀನ್, ಕ್ಲೋರೋಫಾರ್ಮ್ ಮೊದಲಾದ ಇಂಗಾಲದ ಸಂಯುಕ್ತಗಳೂ ಸಾವಯವಗಳೇ. ಇವು ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುವಂಥವು. ಇಂಥ ದ್ರವವನ್ನು ತೆರೆದ ಕೊಳದಲ್ಲಿ ಬಿಟ್ಟರೆ ಕೆಲವು ದಿನಗಳಲ್ಲಿ ಅದರ ಪ್ರಮಾಣ ತಾನಾಗಿ ಕುಗ್ಗುತ್ತದೆ. ಕೊಳ ಶುದ್ಧವಾಯಿತೆಂದು ದಾಖಲೆ ಹೇಳಬಹುದು. ವಸ್ತುತಃ ವಿಷವು ಸ್ಥಳ ಬದಲಿಸಿರುತ್ತದೆ, ಅಷ್ಟೇ.

ಈ ಸತ್ಯವನ್ನು ಸಾರ್ವಜನಿಕರ ಮುಂದಿಟ್ಟದ್ದು ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಬಡಾವಣೆ. ಅಲ್ಲಿನ ಅಪೂರ್ಣ ಕಾಲುವೆಯೊಂದರಲ್ಲಿ ಹೂಕರ್ ರಾಸಾಯನಿಕ ಕಂಪನಿಯು 1942ರಿಂದ 1953ರ ವರೆಗೆ ಸುಮಾರು 21,000 ಟನ್ ತ್ಯಾಜ್ಯವನ್ನು ಹೂಳಿತ್ತು. ಬಳಿಕ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಮಾರಲಾಯಿತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. ಎಪ್ಪತ್ತರ ದಶಕದಲ್ಲಿ ಮಳೆ, ಹಿಮದ ನೀರಿನಿಂದ ಅಂತರ್ಜಲ ಏರಿದಾಗ ಹೂತದ್ದು ನೆಲಮಾಳಿಗೆಗಳಿಗೆ ಜಿನುಗಿತು. 1978ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯು ಮಣ್ಣು, ನೀರುಗಳೊಂದಿಗೆ ಆ ನೆಲಮಾಳಿಗೆಗಳ ಗಾಳಿಯನ್ನೂ ಪರೀಕ್ಷಿಸಿತು. ಗೃಹಿಣಿಯರು ವರ್ಷಗಳಿಂದ ದೂರುತ್ತಿದ್ದ ವಾಸನೆಗೆ ಆಗ ರಾಸಾಯನಿಕ ಹೆಸರುಗಳು ಸಿಕ್ಕವು. ಆಗಸ್ಟ್ 2ರಂದು ತುರ್ತುಸ್ಥಿತಿ ಘೋಷಿಸಿ, ಗರ್ಭಿಣಿಯರೂ ಎರಡು ವರ್ಷದೊಳಗಿನ ಮಕ್ಕಳೂ ಸ್ಥಳ ಬಿಡಬೇಕೆಂದು ಆರೋಗ್ಯ ಆಯುಕ್ತರು ಸೂಚಿಸಿದರು. ಮೂಗು ಹೇಳಿದ್ದನ್ನು ಉಪಕರಣ ಹೇಳುವ ತನಕ ಯಾರೂ ನಂಬಲಿಲ್ಲವೆಂಬುದು ಈ ಪ್ರಕರಣದ ನೋವಿನ ಭಾಗ.

ಲವ್ ಕೆನಾಲ್ ಕೈಬಿಟ್ಟ ಹಳೆಯ ತಾಣ. ಪರವಾನಗಿ ಪಡೆದು ನಡೆಯುತ್ತಿದ್ದ ತ್ಯಾಜ್ಯ ನಿರ್ವಹಣಾ ಘಟಕಗಳ ತೊಟ್ಟಿ, ಕೊಳ, ಡ್ರಮ್ಮುಗಳಿಂದ ಏಳುವ ಆವಿಯ ಪ್ರಶ್ನೆ ಇನ್ನೂ ಉಳಿದೇ ಇತ್ತು. 1984ರ ನವೆಂಬರ್ 8ರ ತಿದ್ದುಪಡಿಯಲ್ಲಿ ಅಮೆರಿಕದ ಸಂಸತ್ತು, ಇಂಥ ಘಟಕಗಳ ವಾಯು ಹೊರಸೂಸುವಿಕೆಗೆ ಮೂವತ್ತು ತಿಂಗಳೊಳಗೆ ನಿಯಮ ರೂಪಿಸಬೇಕೆಂದು ಪರಿಸರ ಸಂರಕ್ಷಣಾ ಸಂಸ್ಥೆಗೆ ವಿಧಿಸಿತು. ಲೆಕ್ಕದಂತೆ 1987ರ ಮೇ ತಿಂಗಳಿಗೆ ಬರಬೇಕಿದ್ದ ನಿಯಮದ ಮೊದಲ ಕಂತು ಬಂದದ್ದು 1990ರ ಜೂನ್‌ನಲ್ಲಿ. ಅದು ಬಟ್ಟಿ ಇಳಿಸುವ ಸಾಧನಗಳಂಥವುಗಳ ಹೊರಗಂಡಿಗಳಿಗೂ, ಪಂಪು ಮತ್ತು ಕವಾಟಗಳ ಸೋರಿಕೆಗೂ ಸೀಮಿತವಾಗಿತ್ತು. ಕೈಯಲ್ಲಿ ಹಿಡಿಯುವ ಉಪಕರಣದ ಮೂತಿಯನ್ನು ಕವಾಟದ ಅಂಚಿನಗುಂಟ ನಿಧಾನವಾಗಿ ಸಾಗಿಸುವುದು. ಹತ್ತು ಲಕ್ಷದಲ್ಲಿ 10,000 ಭಾಗ ತೋರಿದರೆ ಸೋರಿಕೆಯೆಂದು ಗುರುತುಚೀಟಿ ಕಟ್ಟುವುದು. ಕೆಲಸ ಬೇಸರದ್ದು, ಆದರೆ ಸರಳ.

ಕಠಿಣವಾದದ್ದು ತೊಟ್ಟಿಯೊಳಗಿನ ತ್ಯಾಜ್ಯವನ್ನೇ ಅಳೆಯುವ ಕೆಲಸ. ಮಾದರಿಯನ್ನು ಎತ್ತಿ, ಸೀಸೆಗೆ ತುಂಬಿ, ಪ್ರಯೋಗಾಲಯಕ್ಕೆ ಒಯ್ಯುವಷ್ಟರಲ್ಲಿ ಅಳೆಯಬೇಕಾದ ಅಂಶವೇ ಹಾರಿಹೋಗಿರಬಹುದು. ಅಜಾಗರೂಕತೆ ಹೆಚ್ಚಿದಷ್ಟೂ ಫಲಿತಾಂಶ ಘಟಕದ ಮಾಲೀಕನಿಗೆ ಅನುಕೂಲವಾಗುವ ವಿಚಿತ್ರ ಪರೀಕ್ಷೆಯಿದು! ಇದಕ್ಕೆಂದೇ ‘25ಡಿ’ ಎಂಬ ವಿಧಾನ ರೂಪುಗೊಂಡಿತು. ತಣ್ಣಗಿಟ್ಟ ಪಾಲಿಎಥಿಲೀನ್ ಗ್ಲೈಕಾಲ್ ದ್ರವದೊಳಕ್ಕೆ ಮಾದರಿಯನ್ನು ನೇರವಾಗಿ ಸೇರಿಸಿ, ಆವಿಯಾಗದಂತೆ ಹಿಡಿದಿಡಲಾಗುತ್ತದೆ. ಅನಂತರ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂವತ್ತು ನಿಮಿಷ ಸಾರಜನಕವನ್ನು ಹಾಯಿಸಿ, ಹೊರಬಂದ ಇಂಗಾಲವನ್ನೂ ಕ್ಲೋರಿನ್ನನ್ನೂ ಪ್ರತ್ಯೇಕ ಶೋಧಕಗಳಿಂದ ಎಣಿಸಲಾಗುತ್ತದೆ. ತ್ಯಾಜ್ಯದಲ್ಲಿರುವ ಒಟ್ಟು ಸಾವಯವಗಳೆಷ್ಟೆಂದು ಈ ವಿಧಾನ ಕೇಳುವುದಿಲ್ಲ. ಗಾಳಿಗೆ ಏರಬಲ್ಲದ್ದೆಷ್ಟೆಂದು ಕೇಳುತ್ತದೆ.

1994ರ ಡಿಸೆಂಬರ್ 6ರಂದು ಪ್ರಕಟವಾದ ಎರಡನೆಯ ಕಂತು ತೊಟ್ಟಿ, ಕೊಳ ಮತ್ತು ಡ್ರಮ್ಮುಗಳಿಗೆ ಅನ್ವಯಿಸಿತು. ಬಾಷ್ಪಶೀಲ ಸಾವಯವಗಳ ಸರಾಸರಿ ಪ್ರಮಾಣ ತೂಕದಲ್ಲಿ ಹತ್ತು ಲಕ್ಷಕ್ಕೆ 100 ಭಾಗವನ್ನು ಮುಟ್ಟಿದರೆ ಮುಚ್ಚಳವೂ ನಿಯಂತ್ರಣವೂ ಬೇಕೆಂದು ಅದು ಹೇಳಿತು. ಜಾರಿಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 1996ರ ನವೆಂಬರ್‌ನ ತಿದ್ದುಪಡಿಯಲ್ಲಿ ಆ ಮಿತಿ 500 ಭಾಗಕ್ಕೆ ಸಡಿಲಗೊಂಡು, ಡಿಸೆಂಬರ್ 6ರಂದು ನಿಯಮ ಜಾರಿಗೆ ಬಂತು. ಎರಡೇ ವರ್ಷಗಳಲ್ಲಿ ಐದು ಪಟ್ಟು ಬದಲಾದ ಈ ಅಂಕಿಯೇ ಚರ್ಚೆಯ ಕೇಂದ್ರವಾಗಿ ಕಂಡರೂ, ನಿಯಮದ ಜೀವಾಳ ಇರುವುದು ಬೇರೆ ಕಡೆ: ಮಾದರಿಯನ್ನು ಎಲ್ಲಿ ತೆಗೆಯಬೇಕೆಂಬ ವಿಧಿಯಲ್ಲಿ. ತ್ಯಾಜ್ಯ ಹುಟ್ಟುವ ಬಿಂದುವಿನಲ್ಲಿ, ಅದಕ್ಕೆ ಗಾಳಿ ಸೋಕುವ ಮುನ್ನ, ಮಾದರಿ ತೆಗೆಯಬೇಕು. ಮೊದಲು ತೆರೆದ ತೊಟ್ಟಿಯಲ್ಲಿ ಆರಬಿಟ್ಟು, ಬಳಿಕ ಪರೀಕ್ಷಿಸಿ ಮಿತಿಯೊಳಗಿದೆಯೆನ್ನುವ ಉಪಾಯಕ್ಕೆ ಇದರಿಂದ ತಡೆ ಬಿತ್ತು. ಒಂದು ನಿರ್ಣಯಕ್ಕೆ ಕನಿಷ್ಠ ನಾಲ್ಕು ಮಾದರಿಗಳಿರಬೇಕು, ಅವನ್ನು ಒಂದು ಗಂಟೆಯೊಳಗೆ ತೆಗೆಯಬೇಕು ಎಂಬ ಷರತ್ತುಗಳೂ ಸೇರಿದವು.

ಇಷ್ಟಾದರೂ ಪರೀಕ್ಷೆಯೇ ಕಡ್ಡಾಯವಾಗಲಿಲ್ಲ. ತನ್ನ ತ್ಯಾಜ್ಯದಲ್ಲಿ ಏನಿದೆಯೆಂದು ಬಲ್ಲ ಮಾಲೀಕನು, ಕಚ್ಚಾವಸ್ತುಗಳ ಲೆಕ್ಕ ಅಥವಾ ಹಿಂದಿನ ಫಲಿತಾಂಶಗಳ ಆಧಾರದ ಮೇಲೆ ಆ ‘ತಿಳಿವಳಿಕೆ’ಯನ್ನೇ ದಾಖಲಿಸಿ ನಿಯಮ ಪಾಲಿಸಬಹುದಿತ್ತು. ಸಂಸ್ಥೆಯ ಅಧಿಕಾರಿಗೂ ಮಾಲೀಕನಿಗೂ ಈ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದಾಗ ಮಾತ್ರ, ನೇರ ಅಳತೆಯ ಫಲಿತಾಂಶವೇ ಅಂತಿಮವೆಂದು ನಿಯಮ ಹೇಳುತ್ತದೆ.