ಬಾಯಿ ಕ್ಯಾನ್ಸರ್: ಕಾವಲುಗಾರ ಜೀನ್ ಕೆಟ್ಟ ಕಥೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬಾಯಿ ಕ್ಯಾನ್ಸರ್ ಬಂದರೆ ನಾವು ಹಣೆಬರಹ ಅನ್ನುತ್ತೇವೆ. ಚರಿತ್ರೆ ಬೇರೆಯೇ ಹೇಳುತ್ತದೆ.

1973ರಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಶುರುವಾದಾಗ ಟಿಪಿ53 ಜೀನ್ ಯಾರಿಗೂ ಗೊತ್ತಿರಲಿಲ್ಲ. ಅದರ ಪ್ರೋಟೀನ್ ಸಿಕ್ಕಿದ್ದು 1979ರಲ್ಲಿ. ಮೊದಲು ಅದೇ ಕ್ಯಾನ್ಸರ್ ತರುತ್ತದೆ ಎಂದುಕೊಂಡರು. ಅದು ಕ್ಯಾನ್ಸರ್ ತಡೆಯುವ ಕಾವಲುಗಾರ ಎಂದು ತಿಳಿದದ್ದು 1989ರಲ್ಲಿ.

ಎಲೆಅಡಿಕೆ ಜೊತೆ ಜಗಿಯುವ ಹೊಗೆಸೊಪ್ಪು, ಸೇದುವ ಬೀಡಿ ಈ ಕಾವಲುಗಾರನನ್ನೇ ಕೆಡಿಸಬಲ್ಲವು. 2007ರ ಅಮೆರಿಕದ ಅಧ್ಯಯನವೊಂದರಲ್ಲಿ, ಈ ಜೀನ್ ಕೆಟ್ಟಿದ್ದ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳು ಆಪರೇಷನ್ ಆದರೂ ಉಳಿದವರಿಗಿಂತ ಬೇಗ ತೀರಿಕೊಂಡದ್ದು ಕಂಡಿತು. 2013ರಲ್ಲಿ ಭಾರತದ ವಿಜ್ಞಾನಿಗಳು ನಮ್ಮ ದೇಶದವರ ವಸಡು, ಕೆನ್ನೆಯ ಕ್ಯಾನ್ಸರ್‌ನಲ್ಲೂ ಇದೇ ಜೀನ್ ಕೆಟ್ಟಿರುವುದನ್ನು ಕಂಡರು.

ಕೆಟ್ಟ ಜೀನನ್ನು ನಾವು ರಿಪೇರಿ ಮಾಡಲಾರೆವು. ಹೊಗೆಸೊಪ್ಪು ಬಿಡುವುದು, ಎರಡು ವಾರವಾದರೂ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸುವುದು ನಮ್ಮ ಕೈಯಲ್ಲೇ ಇದೆ.